ಮುತ್ತಜ್ಜಿಯ ಹಾರ್ಮೋನಿಯಂ

ಮೂರೇ ಸ್ವರ. ಕಿವಿಗೆ ರಾಚುವಷ್ಟು ಜೋರು. ರಾತ್ರಿ ಸಿನಿಮಾ ನೋಡುತ್ತಿದ್ದೆ, ಒಳಗಿನಿಂದ ಅಮ್ಮ ಕೇಳಿದರು: "ಏನೋ ಅದು, ಲಾರಿ ಹಾರ್ನಾ?"

ಸಿನಿಮಾ 2022ರ ಜರ್ಮನ್ ಚಿತ್ರ 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್'. ಮೊದಲ ಮಹಾಯುದ್ಧದ ಕಥೆ. ನಿರ್ದೇಶಕ ಎಡ್ವರ್ಡ್ ಬರ್ಗರ್, ಸಂಗೀತ ಫೋಲ್ಕರ್ ಬರ್ಟೆಲ್‌ಮಾನ್. ಆ ಸದ್ದು ಸಿಂಥಸೈಜರಿನದು ಅಂತಲೇ ನಾನು ಅಂದುಕೊಂಡಿದ್ದೆ. ಹಾರ್ಮೋನಿಯಂ ಅಂತ ಆಮೇಲೆ ಓದಿ ಗೊತ್ತಾದಾಗ ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ಮೂರು ವರ್ಷ ಅದನ್ನೇ ಕಲಿತವನು ನಾನು!

ಅದು ಬರ್ಟೆಲ್‌ಮಾನ್ ಅವರ ಮುತ್ತಜ್ಜಿಯ ವಾದ್ಯವಂತೆ. ನಮ್ಮ ಪೆಟ್ಟಿಗೆಯ ಹಾಗೆ ಕೈಯಲ್ಲಿ ತಿದಿ ಒತ್ತುವುದಲ್ಲ, ಕಾಲಲ್ಲಿ ತುಳಿದು ನುಡಿಸುವುದು. ರಿಪೇರಿ ಮಾಡಿಸಿ ಇಟ್ಟುಕೊಂಡಿದ್ದರು. ಅದರ ಸದ್ದನ್ನು ಒಡೆದುಹೋಗುವ ಮಟ್ಟಕ್ಕೆ ಏರಿಸಿ ಬಳಸಿದ್ದಾರೆ. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. ಗಾಳಿಯ ಉಸಿರು, ಮರದ ಕಿರುಗುಟ್ಟುವಿಕೆ ಯಾವುದನ್ನೂ ಅವರು ತೆಗೆದುಹಾಕಿಲ್ಲ. ನಮ್ಮ ಮೇಷ್ಟ್ರು ಮೂರು ವರ್ಷವೂ ಬೈದದ್ದು ಇದಕ್ಕೇ. "ತಿದಿ ಸದ್ದು ಕೇಳಿಸಬಾರದು ಕಣೋ, ಸ್ವರ ಕೇಳಿಸಬೇಕು."

ಆ ಮೂರು ಸ್ವರ ಬರುವ ಜಾಗ ನೋಡಿ. ಸತ್ತ ಸೈನಿಕರ ಸಮವಸ್ತ್ರ ಬಿಚ್ಚುತ್ತಾರೆ. ಒಗೆಯುತ್ತಾರೆ, ನೀರು ಕೆಂಪಾಗುತ್ತದೆ. ಸಾಲು ಸಾಲು ಹೊಲಿಗೆ ಯಂತ್ರಗಳ ಮುಂದೆ ಹೆಂಗಸರು ತೂತು ಮುಚ್ಚುತ್ತಾರೆ. ಅದೇ ಬಟ್ಟೆ ಪೌಲ್ ಎಂಬ ಹುಡುಗನ ಕೈಗೆ ಬರುತ್ತದೆ, ಒಳಗೆ ಇನ್ಯಾರದೋ ಹೆಸರಿನ ಚೀಟಿ. ಇಲ್ಲಿ ಪಿಟೀಲು ಹಾಕಿ ಅಳಿಸಬಹುದಿತ್ತು, ಅಲ್ವಾ? ಅದರ ಬದಲು ಯಾವುದೋ ದೊಡ್ಡ ಯಂತ್ರ ಉಸಿರೆಳೆದು ಕೂಗಿದ ಹಾಗೆ ಈ ಹಾರ್ಮೋನಿಯಂ. ಅಮ್ಮ ಹಾರ್ನ್ ಅಂದದ್ದು ಅಷ್ಟೇನೂ ತಪ್ಪಲ್ಲ.

ಡ್ರಮ್ಮೂ ಹಾಗೇ. ಸೈನ್ಯ ಅಂದರೆ ಲೆಫ್ಟ್ ರೈಟ್ ತಾಳ ಬರುತ್ತದೆ ಅಂತ ಕಾಯುತ್ತೇವೆ. ಇಲ್ಲಿ ಸ್ನೇರ್ ಡ್ರಮ್ಮಿನ ಒಂದು ಏಟು ಬೀಳುತ್ತದೆ, ಆಮೇಲೆ ಮೌನ. ಮುಂದಿನದು ಯಾವಾಗ ಅಂತ ಹೇಳೋಕೆ ಬರಲ್ಲ. ಎರಡನೇ ಸಲ ನೋಡುವಾಗಲೂ ನಾನು ಬೆಚ್ಚಿದೆ. ನಡುವೆ ಬರುವ ಮೆತ್ತನೆಯ ತಂತಿವಾದ್ಯದ ಭಾಗಗಳು ಮಾತ್ರ ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ. ಚೆನ್ನಾಗಿವೆ, ಅಷ್ಟೇ.

2023ರ ಮಾರ್ಚ್‌ನಲ್ಲಿ ಈ ಸಂಗೀತಕ್ಕೆ ಆಸ್ಕರ್ ಬಂತು. ಅದೇ ರಾತ್ರಿ 'ನಾಟು ನಾಟು'ಗೂ ಬಂತು. ನಾವೆಲ್ಲ ಅದರ ಸಂಭ್ರಮದಲ್ಲಿದ್ದೆವು, ಬರ್ಟೆಲ್‌ಮಾನ್ ಹೆಸರು ನನ್ನ ಕಿವಿಗೇ ಬಿದ್ದಿರಲಿಲ್ಲ.

ಮೊನ್ನೆ ಅಟ್ಟದಿಂದ ನನ್ನ ಪೆಟ್ಟಿಗೆ ಇಳಿಸಿದೆ. ಫೋನನ್ನು ಅದರ ಮೇಲೇ ಇಟ್ಟು, ಸುಮ್ನೆ ಆ ಮೂರು ಸ್ವರ ಹುಡುಕುತ್ತಾ ರೆಕಾರ್ಡ್ ಮಾಡಿದೆ. ಸ್ವರಕ್ಕಿಂತ ತಿದಿಯ ಸದ್ದೇ ಜಾಸ್ತಿ ಬಂದಿದೆ. ಅಳಿಸಿಲ್ಲ. ಮೇಷ್ಟ್ರಿಗೆ ಕೇಳಿಸುವ ಧೈರ್ಯವೂ ಇಲ್ಲ.