ಗಡ್ಡೆಯ ಕಡೆ ಹೊರಡದ ಹಸಿರು ಚುಕ್ಕೆಗಳು: ಎಲ್‌ಇಡಿ ಇಲಿ, ಹೊಸ ಕಂತು

ಕೊನೆಗೂ ಹಸಿರು ಚುಕ್ಕೆಗಳು ಬಲಗಡೆಯ ಪ್ಯಾನೆಲ್‌ಗೆ ದಾಟಿದವು! ಕ್ಯಾನ್ಸರ್ ಲಸಿಕೆ ಹಾಕಿದ ಇಲಿಯ ದೇಹದಲ್ಲಿ ಕೋಶಗಳು ಹೇಗೆ ಓಡಾಡುತ್ತವೆ ಎಂಬುದನ್ನು ಎಲ್‌ಇಡಿ ದೀಪಗಳಲ್ಲಿ ತೋರಿಸುವ ನನ್ನ ಆಟಿಕೆಯ ಕಥೆ ಇದು. ಇಎಸ್‌ಪಿ32 (ಇದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಜೋಡಣೆ, ಪವರ್ ಸಪ್ಲೈ, ಡಿಎಂಎ ಲೈಬ್ರರಿ (ದೀಪಗಳಿಗೆ ಚಿತ್ರ ಕಳಿಸುವ ಕೋಡ್) ಎಲ್ಲ ಹಳೆಯ ಓದುಗರಿಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಹೊಸದಾಗಿ ಓದುವವರಿಗೆ ಇಷ್ಟು ಸಾಕು: 64×64 ದೀಪಗಳ ಎರಡು ಎಲ್‌ಇಡಿ ಪ್ಯಾನೆಲ್. ಎಡಗಡೆಯದು ಇಲಿಗೆ ಕ್ಯಾನ್ಸರ್ ಲಸಿಕೆ ಚುಚ್ಚಿದ ಜಾಗ, ಬಲಗಡೆಯದು ಮೆಲನೋಮಾ (ಚರ್ಮದ ಕ್ಯಾನ್ಸರ್) ಗಡ್ಡೆ. ನಡುವಿನ ರಕ್ತ, ದುಗ್ಧಗ್ರಂಥಿ ಕೋಡ್‌ನೊಳಗೆ ಮಾತ್ರ ಇವೆ. ಕೆಂಪು ಕ್ಯಾನ್ಸರ್ ಕೋಶ, ನೀಲಿ ಡೆಂಡ್ರಿಟಿಕ್ ಕೋಶ (ಶತ್ರುವಿನ ತುಣುಕನ್ನು ಟಿ ಕೋಶಗಳಿಗೆ ತೋರಿಸುವುದು), ಹಸಿರು ಸಿಡಿ8 ಟಿ ಕೋಶ (ಕ್ಯಾನ್ಸರ್ ಕೋಶವನ್ನು ಕೊಲ್ಲುವುದು), ಹಳದಿ ಲಸಿಕೆಯ ಪೆಪ್ಟೈಡ್ (ಪ್ರೋಟೀನಿನ ಪುಟ್ಟ ತುಣುಕು). ಟಿ ಕೋಶ ಸುಸ್ತಾದಷ್ಟೂ ಹಸಿರು ಮಂಕಾಗುತ್ತದೆ, ಸತ್ತರೆ ಆರುತ್ತದೆ.

ಕಾಟ ಕೊಟ್ಟದ್ದು ಒಂದೇ ವಿಷಯ. ಲಸಿಕೆ ಹಾಕಿದ ಮೇಲೆ ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ನೀಲಿ ಚುಕ್ಕೆಗಳು ಹಳದಿಯನ್ನು ಹೊತ್ತು ದುಗ್ಧಗ್ರಂಥಿಗೆ ಹೋಗುತ್ತಿದ್ದವು, ಅಲ್ಲಿ ಟಿ ಕೋಶಗಳು ಎಚ್ಚೆತ್ತು ಒಂದಕ್ಕೆ ಎರಡಾಗಿ, ಎರಡಕ್ಕೆ ನಾಲ್ಕಾಗಿ ರಕ್ತಕ್ಕೆ ಇಳಿಯುತ್ತಿದ್ದವು. ಚಿಪ್ ಕಳಿಸುವ ಅಂಕಿ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ರಕ್ತದ ಟಿ ಕೋಶಗಳ ಎಣಿಕೆ ಸರ್ರನೆ ಏರುತ್ತಿತ್ತು. ಗಡ್ಡೆ ಮಾತ್ರ ತನ್ನ ಪಾಡಿಗೆ ತಾನು ಬೆಳೆಯುತ್ತಲೇ ಇತ್ತು. ಹಸಿರು ಪಡೆಯೆಲ್ಲ ತಿರುಗಿ ಚುಚ್ಚಿದ ಜಾಗಕ್ಕೇ ಬಂದು, ಹಳದಿಯ ಸುತ್ತ ಕಿಕ್ಕಿರಿದು, ಮಂಕಾಗಿ ಅಲ್ಲೇ ಆರಿಹೋಗುತ್ತಿತ್ತು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವರು ಮುಹೂರ್ತ ಬಂದರೂ ಎಲೆ ಬಿಟ್ಟು ಏಳದ ಹಾಗೆ!

ಟಿ ಕೋಶಗಳು ಪತ್ತೆಹಚ್ಚಲೆಂದು ಕೆಂಪು ಚುಕ್ಕೆಗಳ ಮೇಲಿರುವ ಗುರುತು ಹೆಚ್ಚಿಸಿದೆ. ರಕ್ತದಿಂದ ಗಡ್ಡೆಗೆ ನುಗ್ಗುವ ಸಾಧ್ಯತೆ ಏರಿಸಿದೆ. ರ‍್ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಆರಂಭದ ಅಂಕಿ) ಬದಲಿಸಿ ಬದಲಿಸಿ ಓಡಿಸಿದೆ. ಊಹ್ಞೂಂ. ಕೋಡನ್ನು ಸಾಲು ಸಾಲಾಗಿ ಓದಿದರೂ ತಪ್ಪು ಸಿಗಲಿಲ್ಲ, ಯಾಕೆಂದರೆ ಅಲ್ಲಿ ತಪ್ಪೇ ಇರಲಿಲ್ಲ.

ದಾರಿ ತೋರಿಸಿದ್ದು 2013ರಲ್ಲಿ 'ನೇಚರ್ ಮೆಡಿಸಿನ್'ನಲ್ಲಿ ಬಂದ ಪ್ರಬಂಧ. ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್‌ಸನ್ ಕ್ಯಾನ್ಸರ್ ಕೇಂದ್ರದ ವಿಲಿಯಮ್ ಓವರ್‌ವೈಕ್ ತಂಡದ ಕೆಲಸ. ಮೆಲನೋಮಾದ ಜಿಪಿ100 ಪ್ರೋಟೀನಿನ ಪೆಪ್ಟೈಡನ್ನು ಫ್ರಾಯಿಂಡ್‌ನ ಅಪೂರ್ಣ ಅಡ್ಜುವೆಂಟ್‌ನಲ್ಲಿ (ಲಸಿಕೆಯ ಪರಿಣಾಮ ಹೆಚ್ಚಿಸಲು ಸೇರಿಸುವ ವಸ್ತು), ಅಂದರೆ ಎಣ್ಣೆಯಲ್ಲಿ ಕಲಸಿ ಇಲಿಗಳಿಗೆ ಚುಚ್ಚಿದ್ದರು. ಮನುಷ್ಯರ ಲಸಿಕಾ ಪ್ರಯೋಗಗಳಲ್ಲೂ ಈ ಬಗೆಯ ಎಣ್ಣೆಯನ್ನು ಧಾರಾಳವಾಗಿ ಬಳಸುತ್ತಿದ್ದರು. ಟಿ ಕೋಶಗಳು ಚೆನ್ನಾಗಿಯೇ ಎಚ್ಚೆತ್ತವು. ಆದರೆ ಎಣ್ಣೆ ಬೇಗ ಕರಗುವುದಿಲ್ಲ, ಪೆಪ್ಟೈಡ್ ಅಲ್ಲೇ ಗಂಟುಕಟ್ಟಿ ಉಳಿಯುತ್ತದೆ. ಟಿ ಕೋಶಗಳು ಗಡ್ಡೆಯನ್ನು ಬಿಟ್ಟು ಆ ಗಂಟಿನ ಬಳಿ ಸೇರಿದವು, ಕೆಲಸ ಮಾಡುವ ಶಕ್ತಿ ಕಳೆದುಕೊಂಡವು, ಇಂಟರ್‌ಫೆರಾನ್ ಗಾಮಾ (ಟಿ ಕೋಶಗಳು ಬಿಡುವ ಸಂಕೇತದ ಪ್ರೋಟೀನು) ಮತ್ತು ಫ್ಯಾಸ್ ಲಿಗ್ಯಾಂಡ್ (ಕೋಶಕ್ಕೆ ಸಾಯಲು ಹೇಳುವ ಪ್ರೋಟೀನು) ಮೂಲಕ ಸತ್ತವು. ಆಮೇಲೆ ಮತ್ತೆ ಲಸಿಕೆ ಕೊಟ್ಟರೂ ಇಲಿಯ ಸ್ಪಂದನೆ ಮಂದವಾಗಿತ್ತು. ಓದುತ್ತಾ ಹೋದಂತೆ ನನ್ನ ಎಡಗಡೆಯ ಪ್ಯಾನೆಲನ್ನೇ ಯಾರೋ ವರ್ಣಿಸುತ್ತಿದ್ದಾರೆ ಅನ್ನಿಸಿತು.

ಪ್ಯಾನೆಲನ್ನು ನಿಧಾನಗತಿಗೆ ಇಳಿಸಿ ನೋಡಿ. ಒಂದು ಹಸಿರು ಚುಕ್ಕೆ ಹಳದಿಗೆ ತಾಗುತ್ತದೆ, ಇಂಟರ್‌ಫೆರಾನ್ ಗಾಮಾ ಚಿಮ್ಮುತ್ತದೆ (ಬಿಳಿ ಮಿಂಚು). ಅದಕ್ಕೆ ಸುತ್ತಲಿನ ಅಂಗಾಂಶ ಸಿಎಕ್ಸ್‌ಸಿಎಲ್9, ಸಿಎಕ್ಸ್‌ಸಿಎಲ್10 ಎಂಬ ಕರೆ-ರಾಸಾಯನಿಕ ಬಿಡುತ್ತದೆ (ನೇರಳೆ ಉಂಗುರ). ಸಿಎಕ್ಸ್‌ಸಿಆರ್3 ಗ್ರಾಹಿ ಇರುವ ಟಿ ಕೋಶಗಳು ಆ ಉಂಗುರದ ಮೂಲ ಹುಡುಕಿ ಬರುತ್ತವೆ, ಬಂದವು ಮತ್ತೆ ಹಳದಿಗೆ ತಾಗುತ್ತವೆ, ಉಂಗುರ ಇನ್ನೂ ಅಗಲವಾಗುತ್ತದೆ. ಗಡ್ಡೆಯ ಕ್ಷೀಣ ಕರೆ ಇದರ ಮುಂದೆ ಕೇಳಿಸುವುದೇ ಇಲ್ಲ. ನಾನು ಹಾಕಿದ್ದ ನಿಯಮಗಳೂ ಇವೇ. ಹಳದಿ ಕರಗುವ ವೇಗ ತೀರಾ ಕಡಿಮೆ ಇದ್ದದ್ದರಿಂದ ಚಕ್ರ ನಿಲ್ಲುತ್ತಿರಲಿಲ್ಲ.

ಆಮೇಲಿನ ಓಟಗಳನ್ನು ಪ್ರಬಂಧದ ಹಾದಿಯಲ್ಲೇ ಮಾಡಿದೆ. ಸಿಡಿ40 ಪ್ರತಿಕಾಯ, ಟಿಎಲ್‌ಆರ್7 ಉತ್ತೇಜಕ, ಇಂಟರ್‌ಲ್ಯೂಕಿನ್-2 ಎಂಬ, ರೋಗನಿರೋಧಕ ಕೋಶಗಳನ್ನು ಹುರಿದುಂಬಿಸುವ ಮೂರು ಮದ್ದುಗಳನ್ನೂ ಕೊಟ್ಟಾಗ ಇಲಿಗಳಲ್ಲಿ ಟಿ ಕೋಶಗಳ ಸಾವು ಇಳಿದಿತ್ತು, ಗುಂಪುಗಟ್ಟುವುದು ಮಾತ್ರ ತಪ್ಪಿರಲಿಲ್ಲ. ನಾನು ಸಾವಿನ ದರವನ್ನಷ್ಟೇ ಇಳಿಸಿದಾಗಲೂ ಅದೇ ಕಥೆ: ಎಡಗಡೆ ಹಸಿರೋ ಹಸಿರು, ಬಲಗಡೆ ಕೆಂಪು. ಕೊನೆಗೆ ಎಣ್ಣೆ ತೆಗೆದು, ಬೇಗ ಮಾಯವಾಗುವ ಲಸಿಕೆಯ ಹಾಗೆ ಹಳದಿಯ ಆಯಸ್ಸು ಕತ್ತರಿಸಿದೆ. ಹಳದಿ ಆರಿತು, ನೇರಳೆ ಉಂಗುರ ಕುಗ್ಗಿತು, ಹಸಿರು ಚುಕ್ಕೆಗಳು ಚದುರಿ ರಕ್ತಕ್ಕೆ ಮರಳಿ ಗಡ್ಡೆಯ ಅಂಚು ಹಿಡಿದವು. ಕೆಂಪು ಅಂಚಿನಿಂದ ಒಳಕ್ಕೆ ಕರಗತೊಡಗಿದಾಗ ಮನೆಯವರನ್ನೆಲ್ಲ ಕೂಗಿ ಕರೆದೆ. ಹ್ಯೂಸ್ಟನ್‌ನ ಇಲಿಗಳಲ್ಲೂ ಹೀಗೆ ಬೇಗ ಕರಗುವ ಲಸಿಕೆಯೇ ಟಿ ಕೋಶಗಳನ್ನು ಗಡ್ಡೆಯ ಕಡೆ ತಿರುಗಿಸಿತ್ತು, ಶತ್ರುವನ್ನು ನೆನಪಿಟ್ಟುಕೊಳ್ಳುವ ಟಿ ಕೋಶಗಳನ್ನೂ ಹೆಚ್ಚು ಉಳಿಸಿತ್ತು.

ನನ್ನ ಆಟಿಕೆ ಏನನ್ನೂ ಸಾಬೀತು ಮಾಡುವುದಿಲ್ಲ, ಸಾಬೀತು ಮಾಡಿದ್ದು ಇಲಿಗಳು. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರಕ್ತದಲ್ಲಿ ಟಿ ಕೋಶ ಏರಿದ್ದನ್ನು ನೋಡಿ ಲಸಿಕೆ ಗೆದ್ದಿತು ಅನ್ನುವ ಸುದ್ದಿ ಬಂದರೆ, ಅವು ಎಲ್ಲಿಗೆ ಹೋದವು ಎಂದು ಮೊದಲು ಕೇಳಿ.

ಈಗ ಪ್ಯಾನೆಲ್ ಅಂಗಡಿಯ ವಿಷಯ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಲ್ಲಿ ಒಂದೇ ಬ್ಯಾಚಿನ ಜೋಡಿ ಬೇಕು ಎಂದು ಒತ್ತಿ ಹೇಳಿ ತಂದದ್ದು. ಒಂದು ಹಚ್ಚಿದ ಕೂಡಲೇ ಬೆಳಗಿತು, ಇನ್ನೊಂದು ಕಾರ್ಗತ್ತಲು. ಹಿಂದೆ ತಿರುಗಿಸಿ ನೋಡಿದರೆ ದೀಪಗಳನ್ನು ನಡೆಸುವ ಎಫ್‌ಎಂ6126ಎ ಚಿಪ್! ಅದಕ್ಕೆ ಮೊದಲು ರಿಜಿಸ್ಟರ್ (ಚಿಪ್‌ನೊಳಗಿನ ಸೆಟ್ಟಿಂಗ್) ಸೆಟ್ ಮಾಡದಿದ್ದರೆ ಬೆಳಗುವುದಿಲ್ಲ. ಅದು ಕೋಡ್‌ನಿಂದ ಸರಿಹೋಯಿತು, ಬಣ್ಣ ಸರಿಹೋಗಲಿಲ್ಲ. ಒಂದರ ಹಸಿರು ಎಳೆ ಬಾಳೆ ಎಲೆ ಬಣ್ಣ, ಇನ್ನೊಂದರದು ನೀಲಿಗೆ ವಾಲುತ್ತದೆ. ನೋಡಿದವರೆಲ್ಲ "ಗಡ್ಡೆಯಲ್ಲಿರುವುದು ಬೇರೆ ಜಾತಿಯ ಕೋಶವಾ?" ಎಂದು ಕೇಳುತ್ತಾರೆ. ಬದಲಿಸಿ ಕೊಡಿ ಅಂದರೆ, "ಎರಡೂ ಉರೀತಾವಲ್ಲ ಸಾರ್" ಅನ್ನುವ ಉತ್ತರ. ಸದ್ಯಕ್ಕೆ ಪ್ಯಾನೆಲ್‌ಗೊಂದರಂತೆ ಬಣ್ಣದ ಪಟ್ಟಿ ಹಾಕಿಕೊಂಡಿದ್ದೇನೆ.

ಮಧ್ಯೆ ಇನ್ನೊಂದು ಯೋಜನೆ ತಲೆಗೆ ಹೊಕ್ಕಿದೆ. 1999ರಲ್ಲಿ ರೋಗನಿರೋಧಕ ವಿಜ್ಞಾನಿ ಜೇಮ್ಸ್ ಆಲಿಸನ್ ತಂಡ, ಜಿಎಂ-ಸಿಎಸ್‌ಎಫ್ (ರೋಗನಿರೋಧಕ ಕೋಶಗಳನ್ನು ಪ್ರಚೋದಿಸುವ ಪ್ರೋಟೀನು) ಸ್ರವಿಸುವ ಬಿ16 ಎಂಬ ಇಲಿ ಮೆಲನೋಮಾ ಕೋಶಗಳ ಲಸಿಕೆಯ ಜೊತೆ ಸಿಟಿಎಲ್‌ಎ-4 ಎಂಬ, ಟಿ ಕೋಶಗಳ ಬ್ರೇಕನ್ನು ತಡೆಯುವ ಪ್ರತಿಕಾಯ ಕೊಟ್ಟಿತು. ಗಡ್ಡೆ ಹೋದದ್ದಲ್ಲದೆ ಕಪ್ಪು ಇಲಿಗಳ ರೋಮ ಬಿಳಿಯಾಗತೊಡಗಿತು, ಲಸಿಕೆ ಚುಚ್ಚಿದ ಜಾಗದಿಂದ ಶುರುವಾಗಿ ದೂರದವರೆಗೂ. ಗಡ್ಡೆಯಲ್ಲೂ ಚರ್ಮದ ಬಣ್ಣದ ಕೋಶದಲ್ಲೂ ಒಂದೇ ಪ್ರೋಟೀನುಗಳಿದ್ದರೆ ಟಿ ಕೋಶಕ್ಕೆ ಭೇದ ತಿಳಿಯುವುದು ಹೇಗೆ? ಇದಕ್ಕೆ ಎಲ್‌ಇಡಿ ಒಗ್ಗುವುದಿಲ್ಲ, ಇ-ಪೇಪರ್ (ಇ-ಪುಸ್ತಕ ಓದುವ ಸಾಧನದಂಥ ಕಾಗದದ ಪರದೆ) ಬೇಕು. ಇಲಿಯಾಕಾರದ ಚೌಕಟ್ಟಿನೊಳಗೆ ಕಪ್ಪು ಮೆಲ್ಲಗೆ ಬಿಳಿಯಾಗುತ್ತಾ ಹೋಗಬೇಕು. ಇ-ಪೇಪರ್‌ನ ನಿಧಾನವೇ ಇಲ್ಲಿ ಅನುಕೂಲ.

ಅದಕ್ಕೂ ಮೊದಲು ಈ ಪ್ಯಾನೆಲ್‌ಗೇ ಒಂದು ನಾಬ್ ಸೇರಿಸಬೇಕು. ಓವರ್‌ವೈಕ್ ತಂಡ 2018ರಲ್ಲಿ ಎಣ್ಣೆ ಲಸಿಕೆಯನ್ನೂ ಸಿಟಿಎಲ್‌ಎ-4 ತಡೆಯನ್ನೂ ಒಟ್ಟಿಗೆ ಕೊಟ್ಟು ನೋಡಿದಾಗ, ತಡೆ ಒಂದರಿಂದಲೇ ಸಿಗುತ್ತಿದ್ದ ಫಲವನ್ನೂ ಲಸಿಕೆ ಕುಗ್ಗಿಸಿತ್ತು. ಗಡ್ಡೆಯಲ್ಲಿದ್ದ ಟಿ ಕೋಶಗಳನ್ನೇ ಚುಚ್ಚಿದ ಜಾಗಕ್ಕೆ ಎಳೆದುಕೊಂಡಿತ್ತು. ಇದನ್ನು ತೋರಿಸಲು ಲಸಿಕೆಗೆ ಮುಂಚೆಯೇ ಬಲಗಡೆ ಒಂದಿಷ್ಟು ಹಸಿರು ಇರಬೇಕು, ಅವು ಹಿಂದಕ್ಕೆ ಹರಿಯುವ ದಾರಿಯೂ ಬೇಕು. ನನ್ನ ಕೋಡ್‌ನಲ್ಲಿ ಗಡ್ಡೆ ಹೊಕ್ಕ ಕೋಶಕ್ಕೆ ಸದ್ಯ ಹೊರಬಾಗಿಲಿಲ್ಲ. ಈ ವಾರ ಅದನ್ನೇ ಬರೆಯುತ್ತಿದ್ದೇನೆ.