ಕುಂದಾದ್ರಿಯ ಏರು, ಮನೆಯಲ್ಲೇ ಕಟ್ಟಿದ ಸೈಕಲ್ಲು

ಸುಟ್ಟ ಮೋಟರಿನ ವಾಸನೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಬೇಸಿಗೆಯಲ್ಲಿ ವೋಲ್ಟೇಜು ಇಳಿದಾಗ ತೋಟದ ಪಂಪ್‌ಸೆಟ್ಟು ಮೊದಲು ಗುಂಯ್‌ಗುಡುತ್ತದೆ, ಆಮೇಲೆ ಆ ವಾಸನೆ ಬರುತ್ತದೆ, ಅದಾದ ಮೇಲೆ ಜೀಪಿನ ಹಿಂದೆ ಮೋಟರು ಹೇರಿಕೊಂಡು ರೀವೈಂಡಿಂಗ್ ಅಂಗಡಿಗೆ ಹೋಗುವುದು. ಆದರೆ ಆ ವಾಸನೆ ನಾನು ಕೂತ ಸೀಟಿನ ಹಿಂದಿನಿಂದಲೇ ಬಂದಿದ್ದು ಅವತ್ತೇ ಮೊದಲು.

2021ರ ದೀಪಾವಳಿ ಕಳೆದ ಭಾನುವಾರ. ಬೆಳಿಗ್ಗೆ ಏಳೂವರೆ, ಕುಂದಾದ್ರಿ ಬೆಟ್ಟದ ಅರ್ಧದಾರಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಗುಡ್ಡೇಕೇರಿ ಹತ್ತಿರ ತಿರುಗಿ ಹೋದವರಿಗೆ ಈ ಬೆಟ್ಟ ಗೊತ್ತು. ಕಾಡಿನೊಳಗೆ ಸುತ್ತಿ ಸುತ್ತಿ ಹತ್ತುವ ಸಪೂರ ರಸ್ತೆ, ತುದಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ಮೇಲೆ ಕೊಳ. ಕಾರುಗಳೇ ಮೊದಲನೇ ಗಿಯರಿನಲ್ಲಿ ಒದ್ದಾಡುವ ಏರು ಅದು. ಅಲ್ಲಿಗೆ ನಾನು ಕೊಟ್ಟಿಗೆಯಲ್ಲಿ ಕೂತು ಕಟ್ಟಿದ ಎಲೆಕ್ಟ್ರಿಕ್ ಮೌಂಟನ್ ಬೈಕನ್ನು ತಗೊಂಡು ಹೋಗಿದ್ದೆ. ನನಗಿಂತ ಎರಡು ತಿರುವು ಮುಂದೆ, ಅಂಗಡಿಯಿಂದ ಬಂದ ಹಾಗೇ ಇದ್ದ ಸೈಕಲ್ಲಿನ ಮೇಲೆ ನನ್ನ ಭಾವ. ಹಾಡು ಹೇಳಿಕೊಳ್ಳುತ್ತ ಹೋಗುತ್ತಿದ್ದ. ಅದೇ ಹೆಚ್ಚು ಉರಿಸಿದ್ದು.

ಲಾಕ್‌ಡೌನಿನಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದವನು ನಾನು. ಮನೆಯಿಂದ ಟಾರು ರಸ್ತೆಗೆ ಮೂರು ಕಿಲೋಮೀಟರ್ ಮಣ್ಣು ದಾರಿ, ನಡುವೆ ಎರಡು ಏರು. ಹಾಲಿಗೆ, ಪೇಪರಿಗೆ, ಸುಮ್ಮನೆ ಗಾಳಿಗೆ ಅಂತ ಬೈಕು ತೆಗೆದು ತೆಗೆದು ಬೇಜಾರಾಗಿತ್ತು. ಒಂದು ಎಲೆಕ್ಟ್ರಿಕ್ ಸೈಕಲ್ಲಾದರೆ ಹೇಗೆ ಅಂತ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅಲ್ಲಿಂದ ದಾರಿ ಬೇರೆಯಾಯಿತು. ಭಾವ 41,000 ರೂಪಾಯಿ ಕೊಟ್ಟು ಒಂದು ರೆಡಿ ಸೈಕಲ್ಲು ತರಿಸಿದ. ನಾನು ಇಂಜಿನಿಯರು, ನನಗೆ ಯಾಕೆ ರೆಡಿ? ಅವನು ಹೇಳಿದ್ದು ಇಷ್ಟೇ: "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದಿದಾರೆ. ಸೈಕಲ್ ಕಟ್ಟಿ ನೋಡು ಅಂತ ಯಾರೂ ಅಂದಿಲ್ಲ ಮಾರಾಯ."

ಕೆಲಸ ಶುರುವಾದಾಗ ಲೆಕ್ಕ ಬಹಳ ಚೆಂದ ಇತ್ತು. ಶಿವಮೊಗ್ಗದಲ್ಲಿ ಕಾಲೇಜು ಹುಡುಗನೊಬ್ಬ ಮಾರಿದ ಹಳೇ ಮೌಂಟನ್ ಬೈಕು 6,500. ಹಿಂದಿನ ಚಕ್ರಕ್ಕೇ ಕೂಡಿಸಿ ಬರುವ 36 ವೋಲ್ಟ್, 250 ವ್ಯಾಟ್ ಹಬ್ ಮೋಟರು (ಹಬ್ ಅಂದರೆ ಚಕ್ರದ ನಡುಭಾಗ), ಅದರ ಜೊತೆ ಮೋಟರಿಗೆ ಎಷ್ಟು ಕರೆಂಟು ಬಿಡಬೇಕು ಅಂತ ನೋಡಿಕೊಳ್ಳುವ ಕಂಟ್ರೋಲರು, ಡಿಸ್‌ಪ್ಲೇ, ಹೆಬ್ಬೆರಳಲ್ಲಿ ಒತ್ತಿ ವೇಗ ಕೊಡುವ ಥ್ರಾಟಲು, ಬ್ರೇಕ್ ಹಿಡಿದರೆ ಮೋಟರು ನಿಲ್ಲಿಸುವ ಲಿವರು ಎಲ್ಲ ಸೇರಿ 14,200. ಬ್ಯಾಟರಿಯನ್ನು ನಾನೇ ಕಟ್ಟಿಕೊಂಡರೆ ಮೂವತ್ತು ಸಾವಿರದೊಳಗೆ ಮುಗಿಯಿತು ಅಂದುಕೊಂಡೆ.

ಸೈಕಲ್ಲಿನ ಕೆಲಸ ನಿಜಕ್ಕೂ ಸುಲಭ. ಒಂದು ವಿಷಯ ಬಿಟ್ಟು. ಮಾಮೂಲಿ ಚಕ್ರದ ಅಚ್ಚು ತಿರುಗಲು ಹೋಗುವುದಿಲ್ಲ, ಚಕ್ರ ಮಾತ್ರ ತಿರುಗುತ್ತದೆ. ಹಬ್ ಮೋಟರಿನಲ್ಲಿ ಚಕ್ರವನ್ನು ಮುಂದಕ್ಕೆ ತಳ್ಳುವಷ್ಟೇ ಜೋರಾಗಿ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ತಾನು ಕೂತ ಕಚ್ಚನ್ನು ಅಗಲ ಮಾಡಿಕೊಂಡು ಒಂದು ಸಲ ತಿರುಗಿಬಿಟ್ಟರೆ ವೈರು ಹರಿದು, ಚಕ್ರ ಕಳಚಿ, ನಾವು ಚರಂಡಿಯಲ್ಲಿ. ಅದಕ್ಕೆ ಟಾರ್ಕ್ ಆರ್ಮ್ ಅಂತ ಒಂದು ಉಕ್ಕಿನ ಪಟ್ಟಿ ಬೇಕು. ಕಿಟ್ಟಿನಲ್ಲಿ ಬಂದಿದ್ದು ಬಿಸ್ಕೆಟ್ ಡಬ್ಬಿಯ ತಗಡಿನ ಹಾಗಿತ್ತು. ಪೇಟೆಯ ವೆಲ್ಡಿಂಗ್ ಅಂಗಡಿಯವನು 6 ಮಿಲಿಮೀಟರ್ ತಟ್ಟೆಯಲ್ಲಿ, ಅಚ್ಚಿನ ಚಪ್ಪಟೆ ಮೈಗೆ ಸರಿಯಾಗಿ 10 ಮಿಲಿಮೀಟರಿನ ಕಿಂಡಿ ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಿಕೊಟ್ಟ. 350 ರೂಪಾಯಿ. ಇಡೀ ಸೈಕಲ್ಲಿನಲ್ಲಿ ನನಗೆ ಇವತ್ತಿಗೂ ಪೂರ್ತಿ ನಂಬಿಕೆ ಇರುವುದು ಅದೊಂದರ ಮೇಲೆ.

ಇನ್ನು ಬ್ಯಾಟರಿ. ಕೊರಿಯರಿನಲ್ಲಿ 18650 ಅನ್ನುವ ಲಿಥಿಯಂ ಸೆಲ್ಲುಗಳು ಬಂದವು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಅನ್ನುವುದೇ ಆ ಹೆಸರಿನ ಅರ್ಥ. ಹತ್ತು ಸೆಲ್ಲು ಸಾಲಾಗಿ ಸೇರಿಸಿದರೆ 36 ವೋಲ್ಟು, ಪೂರ್ತಿ ಚಾರ್ಜಿನಲ್ಲಿ 42. ಅಂಥ ನಾಲ್ಕು ಸಾಲು ಪಕ್ಕಪಕ್ಕ, ಒಟ್ಟು ನಲವತ್ತು. ಒಂದೊಂದರ ಮೇಲೂ, ಅದು ಹಿಡಿಯುವ ಚಾರ್ಜು 2,600 ಮಿಲಿಆಂಪಿಯರ್-ಅವರ್ ಅಂತ ಮುದ್ರೆ. ನನಗೆ ಮೊದಲು ಅನುಮಾನ ಬಂದಿದ್ದು ತೂಕದಲ್ಲಿ. ಒಳ್ಳೆಯ ಸೆಲ್ಲು ಸುಮಾರು 45 ಗ್ರಾಂ ತೂಗಬೇಕು. ಪರಿಚಯದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಕೆಲವು 34 ಗ್ರಾಂ. ಅಂಗಡಿಯವರು ನಕ್ಕು, "ಇದು ಯಾವ ಕ್ಯಾರೆಟ್ಟು?" ಅಂದರು. ಮನೆಗೆ ಬಂದು ಒಂದೊಂದನ್ನೇ ಚಾರ್ಜ್ ಮಾಡಿ ಖಾಲಿ ಮಾಡಿ ಅಳೆದೆ. ಅರ್ಧಕ್ಕರ್ಧ ಸೆಲ್ಲುಗಳು 1,300 ಕೂಡ ದಾಟಲಿಲ್ಲ.

ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಇದ್ದುದರಲ್ಲಿ ಚೆನ್ನಾಗಿರುವುದನ್ನು ಆರಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಗೆಳೆಯನ ಕೈಲಿ ತರಿಸಿದ, ಸೆಲ್ಲುಗಳನ್ನು ಒಂದಕ್ಕೊಂದು ಸೇರಿಸುವ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಲು ಕೂತೆ. ಐದು ಗುಂಪು ಜೋಡಿಸಿಯಾಗಿತ್ತು. ಕತ್ತರಿಸಿಟ್ಟಿದ್ದ ಒಂದು ಪಟ್ಟಿ ಚಿಮಟದ ತುದಿಯಿಂದ ಸೆಲ್ಲುಗಳ ಮೇಲೆ ಜಾರಿತು. ಅದು ಬೀಳುವುದನ್ನು ನೋಡಿದ್ದು ನೆನಪಿದೆ, ಬಿದ್ದಿದ್ದು ನೆನಪಿಲ್ಲ. ಪಟ್ ಅಂತ ಒಂದು ಶಬ್ದ, ನೀಲಿ ಬಿಳಿ ಬೆಳಕು, ಕಣ್ಣ ಮುಂದೆ ಹಸಿರು ಚುಕ್ಕೆ. ಪಟ್ಟಿಯ ನಡುಭಾಗ ಆವಿಯಾಗಿ ಹೋಗಿತ್ತು. ಅದನ್ನು ಎತ್ತಲು ಹೋಗಿದ್ದ ಚಿಮಟದ ಒಂದು ಕಾಲು ಕರಗಿ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗುಂಡಗಿನ ಕಬ್ಬಿಣದ ಹನಿ ನಿಂತಿತ್ತು. ಇಷ್ಟಾಗಿದ್ದು ಬರೀ ಹದಿನೆಂಟು ಇಪ್ಪತ್ತು ವೋಲ್ಟಿನಲ್ಲಿ. ಮುಟ್ಟಿದರೆ ಶಾಕ್ ಕೂಡ ಹೊಡೆಯದ ವೋಲ್ಟೇಜು.

ಅಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. "ಅಟ್ಟದ ಮೇಲೆ ವರ್ಷದ ಅಡಿಕೆ ಇದೆ, ನೆನಪಿರಲಿ" ಅಂತಷ್ಟೇ ಹೇಳಿ ಹೋದಳು. ನಾನು ಅರ್ಧ ಕಟ್ಟಿದ ಪ್ಯಾಕನ್ನು ಅಂಗಳದ ಆಚೆ, ಮರಳಿನ ಬಕೆಟ್ಟಿನಲ್ಲಿಟ್ಟು ಮಲಗಿದೆ. ಮಲಗಿದೆ ಅನ್ನುವುದು ಮಾತಿಗೆ. ಮರುದಿನವೇ 13,500 ಕೊಟ್ಟು ಕಟ್ಟಿದ ಬ್ಯಾಟರಿ ಆರ್ಡರ್ ಮಾಡಿದೆ. ಯಾರಾದರೂ ಕೇಳಿದರೆ ಈಗಲೂ ಹೇಳುತ್ತೇನೆ: ಚೌಕಟ್ಟು ಕಟ್ಟಿ, ಚಕ್ರ ಕಟ್ಟಿ, ವೈರಿಂಗ್ ಮಾಡಿ, ಬ್ಯಾಟರಿ ಮಾತ್ರ ತಗೊಳ್ಳಿ. ಯೂಟ್ಯೂಬಿನಲ್ಲಿ ಅದನ್ನು ಊಟದ ಮೇಜಿನ ಮೇಲೆ ಕಟ್ಟುವವರ ಮನೆಗಳಲ್ಲಿ ಬಹುಶಃ ಅಡಿಕೆ ಅಟ್ಟ ಇರುವುದಿಲ್ಲ.

ವ್ಯರ್ಥವಾದ ಸೆಲ್ಲು 5,200, ಆಮೇಲೆ ಮೂಲೆ ಸೇರಿದ ಸ್ಪಾಟ್ ವೆಲ್ಡರು 2,800. ಹಳೇ ರಬ್ಬರ್ ಬ್ರೇಕು ಈ ಭಾರಕ್ಕೆ ಸಾಲದು ಅಂತ ಮುಂದೆ ಡಿಸ್ಕ್ ಹಾಕಿಸಿದ್ದು 2,300. ಟ್ಯೂಬು, ಟಯರು, ಕನೆಕ್ಟರು, ಚಿಲ್ಲರೆ ಎಲ್ಲ ಸೇರಿ 1,450. ಕೂಡಿಸಿ ನೋಡಿದರೆ 46,300. ಭಾವನ ಸೈಕಲ್ಲಿಗಿಂತ ಐದು ಸಾವಿರ ಜಾಸ್ತಿ. ಈ ಲೆಕ್ಕವನ್ನು ಅವನಿಗೆ ನಾನು ಇಲ್ಲಿಯವರೆಗೂ ಹೇಳಿರಲಿಲ್ಲ.

ಹೇಳದೆ ಇದ್ದ ಇನ್ನೊಂದು ಗುಟ್ಟಿತ್ತು. ಕಿಟ್ಟಿನ ಜೊತೆ ಬಂದ ಕಂಟ್ರೋಲರು 14 ಆಂಪಿಯರಿನದು. ಅದು ನನಗೆ ಸಪ್ಪೆ ಅನ್ನಿಸಿ 22 ಆಂಪಿಯರಿನದನ್ನು ಹಾಕಿದ್ದೆ. 36 ವೋಲ್ಟಿಗೆ 22 ಆಂಪಿಯರ್ ಅಂದರೆ ಹತ್ತಿರ ಹತ್ತಿರ 790 ವ್ಯಾಟ್. ಮೋಟರಿನ ಮೈಮೇಲೆ ಮಾತ್ರ 250 ಅಂತಲೇ ಇತ್ತು. ನಮ್ಮ ದೇಶದ ನಿಯಮದಲ್ಲಿ 250 ವ್ಯಾಟಿಗಿಂತ ಕಡಿಮೆ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಓಡುವ ಬ್ಯಾಟರಿ ಗಾಡಿಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಅದೂ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿದ ಮಾದರಿಗಳಿಗೆ ಮಾತ್ರ. ಕೊಟ್ಟಿಗೆಯ ಸೈಕಲ್ಲನ್ನು ಯಾವ ಸಂಸ್ಥೆಯೂ ನೋಡಿಲ್ಲ. ನಮ್ಮ ತೋಟದ ದಾರಿಯಲ್ಲಿ ಹಿಡಿಯುವವರಿಲ್ಲ ಅನ್ನುವುದು ಬೇರೆ ಮಾತು.

ಚಪ್ಪಟೆ ರಸ್ತೆಯಲ್ಲಿ ಅದು ಕುದುರೆಯೇ. ಗುಡ್ಡೇಕೇರಿಯ ತನಕ ಭಾವನನ್ನು ಮೂರು ಸಲ ಹಿಂದೆ ಹಾಕಿ, ಮೂರು ಸಲ ಕಾದು ನಿಂತೆ. ಏರು ಶುರುವಾದ ಮೇಲೆ ಆಟ ಬದಲಾಯಿತು. ನಾನು, ಸೈಕಲ್ಲು ಸೇರಿ ನೂರು ಕಿಲೋ. ನೂರು ಮೀಟರಿಗೆ ಹನ್ನೆರಡು ಮೀಟರ್ ಏರುವ ರಸ್ತೆಯನ್ನು ಗಂಟೆಗೆ 10 ಕಿಲೋಮೀಟರಿನಲ್ಲಿ ಹತ್ತಲು ಸುಮಾರು 330 ವ್ಯಾಟ್ ಬೇಕು. ಅಷ್ಟು ಕೊಡುವ ತಾಕತ್ತು ಇತ್ತು. ಆದರೆ ಹಬ್ ಮೋಟರಿಗೆ ಗಿಯರು ಬದಲಾಯಿಸಿಕೊಳ್ಳುವ ಭಾಗ್ಯ ಇಲ್ಲ. ಚಕ್ರ ನಿಧಾನವಾದರೆ ಅದೂ ನಿಧಾನ. ನಿಧಾನವಾದಷ್ಟೂ ಒಳಗೆ ಹೋದ ಕರೆಂಟಿನಲ್ಲಿ ಹೆಚ್ಚು ಪಾಲು ಬಿಸಿಯಾಗಿಯೇ ಹೋಗುತ್ತದೆ. ಬಾಷ್, ಶಿಮಾನೊ ಕಂಪನಿಗಳ ಮೋಟರು ಪೆಡಲಿನ ಬುಡದಲ್ಲೇ ಇರುವ, ಲಕ್ಷಗಟ್ಟಲೆ ಬೆಲೆಯ ಇ-ಮೌಂಟನ್ ಬೈಕುಗಳು ಬೆಟ್ಟ ಹತ್ತುವುದು ಇದಕ್ಕೇ: ಅವುಗಳ ಶಕ್ತಿ ಚೈನಿನ ಮೂಲಕ ಹೋಗುತ್ತದೆ, ಏರಿಗೆ ಸಣ್ಣ ಗಿಯರು ಹಾಕಿದರೆ ಮೋಟರು ತನ್ನ ಪಾಡಿಗೆ ಜೋರಾಗಿಯೇ ತಿರುಗುತ್ತಿರುತ್ತದೆ. ಇದೆಲ್ಲ ನನಗೆ ಓದಿ ಗೊತ್ತಿತ್ತು. ಗೊತ್ತಿದ್ದೂ ಹೆಬ್ಬೆರಳು ಥ್ರಾಟಲಿನಿಂದ ಏಳಲಿಲ್ಲ.

ಭಾವನದೂ ಅಂಥದೇ ಹಬ್ ಮೋಟರು. ಆದರೆ ಅವನ ಕಂಟ್ರೋಲರು ಇಷ್ಟಕ್ಕಿಂತ ಹೆಚ್ಚು ಕೊಡಲ್ಲ ಅಂತ ಕೂತಿತ್ತು. ಉಳಿದಿದ್ದನ್ನು ಅವನು ಬೆವರು ಸುರಿಸಿ ತುಳಿಯುತ್ತಿದ್ದ. ಅವನ ಸೈಕಲ್ಲಿಗೆ 'ಸಾಕು' ಅಂತ ಹೇಳಲು ಎಲ್ಲೋ ಕೂತ ಯಾರೋ ಒಬ್ಬರಿದ್ದರು. ನನ್ನದರಲ್ಲಿ ಇಂಜಿನಿಯರೂ ನಾನೇ, ಆಸೆಬುರುಕನೂ ನಾನೇ.

ಒಂದು ಹೇರ್‌ಪಿನ್ ತಿರುವಿನಲ್ಲಿ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಕಟಕಟಕಟ, ಆಮೇಲೆ ಬರೀ ಝುಂಯ್. ಮೋಟರು ತಿರುಗುತ್ತಿದೆ, ಚಕ್ರ ತಿರುಗುತ್ತಿಲ್ಲ. ಇಳಿದು ಹಬ್ಬಿನ ಮೇಲೆ ಬೆರಳಿಟ್ಟೆ, ಇಟ್ಟಷ್ಟೇ ಬೇಗ ತೆಗೆದೆ. 27 ಕಿಲೋ ಕಬ್ಬಿಣವನ್ನು ಬೆಟ್ಟದ ತುದಿಗೆ ತಳ್ಳಿದೆ. ಇಳಿಯಬಹುದಿತ್ತು, ಆದರೆ ಭಾವ ಮೇಲಿದ್ದ. ಹೋದಾಗ ಕೊಳದ ಪಕ್ಕ ಬಂಡೆಯ ಮೇಲೆ ಕಾಲು ಚಾಚಿ ಕೂತು ಮಂಡಕ್ಕಿ ತಿನ್ನುತ್ತಿದ್ದ. ಕೆಳಗೆ ಕಣಿವೆ ಪೂರ್ತಿ ಮಂಜು. ಅವನು ಏನೂ ಕೇಳಲಿಲ್ಲ. ಮಂಡಕ್ಕಿ ಪೊಟ್ಟಣ ಮುಂದೆ ಹಿಡಿದ. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಎಷ್ಟು ದೊಡ್ಡ ಹಿಂಸೆ ಅಂತ ಭಾವಂದಿರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮನೆಗೆ ತಂದು ಹಬ್ ಬಿಚ್ಚಿದೆ. ಒಳಗೆ ಮೂರು ಹಲ್ಲುಗಾಲಿ, ಬಿಳೀ ನೈಲಾನಿನವು. ನಡುವಿನ ಪುಟ್ಟ ಉಕ್ಕಿನ ಗಾಲಿ ಇವುಗಳನ್ನು ತಿರುಗಿಸಿ, ಇವು ಚಕ್ರವನ್ನು ತಿರುಗಿಸಬೇಕು. ಸದ್ದಾಗದಿರಲಿ ಅಂತ ನೈಲಾನು. ಎರಡರ ಹಲ್ಲು ಕಾಯಿಸಿದ ಬೆಲ್ಲದ ಹಾಗೆ ಮೆತ್ತಗಾಗಿ ಒಂದು ಕಡೆಗೆ ವಾಲಿದ್ದವು, ಒಂದರ ಹಲ್ಲು ಪೂರ್ತಿ ಬೋಳು. ಗ್ರೀಸು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಸುರುಳಿ ತೋರಿಸಲು ರೀವೈಂಡಿಂಗ್ ಅಂಗಡಿಗೆ ಹೋದೆ. ಅವರು ಅದನ್ನು ಮಗುವಿನ ಹಾಗೆ ಎತ್ತಿ ಮೂಸಿ, "ತಂತಿ ಉಳ್ಕಂಡಿದೆ. ಇನ್ನೊಂದು ಫರ್ಲಾಂಗು ಹೋಗಿದ್ರೆ ನನಗೆ ಕೆಲಸ ಸಿಕ್ತಿತ್ತು" ಅಂದರು. ಮೂರು ಗಾಲಿಯ ಸೆಟ್ಟು ಒಂದು ವಾರದಲ್ಲಿ ಬಂತು. ಎರಡು ಸೆಟ್ ತರಿಸಿದ್ದೆ, ನನ್ನ ಮೇಲೆ ಅಷ್ಟು ನಂಬಿಕೆ. ಬಿಳೀ ಗ್ರೀಸು ತುಂಬಿ ಮುಚ್ಚಿದ್ದು ಒಂದು ಸಂಜೆಯ ಕೆಲಸ. 14 ಆಂಪಿಯರಿನ ಕಂಟ್ರೋಲರು ತನ್ನ ಜಾಗಕ್ಕೆ ವಾಪಸು ಬಂತು.

ಮುಂದಿನ ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಮಗೂ ಅದರಲ್ಲಿ ಪಾಲಿದೆ. ನಾನು ಮೋಟರಿಗೆ ಹೋಗುವ ವೈರನ್ನು ಅಚ್ಚಿನ ಹತ್ತಿರ ಒಂದು ಸುತ್ತು ಕೆಳಗೆ ಜೋತುಬಿಟ್ಟು ಕಟ್ಟಿದ್ದೆ. ವೈರಿನ ಗುಂಟ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ, ಒಳಗೆ ಹೋಗದಿರಲಿ ಅಂತ. ಭಾವನದು ನೀಟಾಗಿ, ನೇರವಾಗಿ ಇತ್ತು. ಜುಲೈಯಲ್ಲಿ ಒಂದು ದಿನ ಅವನ ಡಿಸ್‌ಪ್ಲೇಯಲ್ಲಿ ಯಾವುದೋ ಅಂಕಿ ಮಿನುಗಿ ಸೈಕಲ್ಲು ನಿಂತಿತು. ಫೋನಿನಲ್ಲಿ ದೂರು ಕೊಟ್ಟ. ದೂರಿಗೂ ಒಂದು ನಂಬರ್ ಕೊಟ್ಟರು. 60 ಕಿಲೋಮೀಟರ್ ಆಚೆಯ ಶಿವಮೊಗ್ಗಕ್ಕೆ ತನ್ನಿ ಅಂದರು, ಹೇರಿಕೊಂಡು ಹೋದ. ಪಾರ್ಟು ಬರಬೇಕು ಅಂದರು, ವಾಪಸು ಹೇರಿಕೊಂಡು ಬಂದ. ಐದು ವಾರ ಜಗಲಿಯ ಮೇಲೆ ನಿಂತ ಸೈಕಲ್ಲಿನ ಹ್ಯಾಂಡಲಿಗೆ ಅಕ್ಕ ಒದ್ದೆ ಟವೆಲು ಹಾಕಲು ಶುರುಮಾಡಿದಳು.

ಆರನೇ ವಾರ ಅದನ್ನು ತಳ್ಳಿಕೊಂಡು ನಮ್ಮ ಕೊಟ್ಟಿಗೆಗೆ ಬಂದ. ಆಗಲೂ ಏನೂ ಹೇಳಲಿಲ್ಲ. ಈ ಸಲ ನಾನೂ ಏನೂ ಕೇಳಲಿಲ್ಲ, ಅಮ್ಮ ಹುರಿದಿಟ್ಟಿದ್ದ ಹಲಸಿನ ಹಪ್ಪಳ ಮುಂದಿಟ್ಟೆ. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಟಾರ್ಚು ಬಿಟ್ಟೆ. ಕಂಟ್ರೋಲರ್ ಡಬ್ಬಿಯ ಹತ್ತಿರ ಐದು ಸಣ್ಣ ವೈರಿನ ಕನೆಕ್ಟರು, ಮೋಟರು ಎಲ್ಲಿ ತಿರುಗುತ್ತಿದೆ ಅಂತ ಹೇಳುವ ಸೆನ್ಸರಿನದು. ಅದರ ಬಾಯಲ್ಲಿ ಹಸಿರು ಕಿಲುಬು ಹೊರಗೇ ಕಾಣುತ್ತಿತ್ತು. ಬಿಚ್ಚಿ, ಒರೆಸಿ, ಒಣಗಿಸಿದರೆ ಆಯಿತು, ಹೆಚ್ಚೆಂದರೆ ಅರ್ಧ ಗಂಟೆ. ಆದರೆ ಡಬ್ಬಿಯ ಮುಚ್ಚಳಕ್ಕೆ ಅಡ್ಡಲಾಗಿ ಒಂದು ಬೆಳ್ಳಿ ಬಣ್ಣದ ಸ್ಟಿಕ್ಕರು ಅಂಟಿಸಿತ್ತು. ಇದನ್ನು ತೆಗೆದರೆ ವಾರಂಟಿ ರದ್ದು.

"ವಾರಂಟಿ ಇನ್ನೆಷ್ಟು ದಿನ ಇದೆ?" ಅಂದೆ.

"ಮೂರು ತಿಂಗಳು."

ಹೊರಗೆ ಮಳೆ ಸ್ವಲ್ಪ ಜೋರಾಯಿತು. ಭಾವ ಹಪ್ಪಳ ಕೆಳಗಿಟ್ಟು, ಎಣ್ಣೆಗೈ ಪಂಚೆಗೆ ಒರೆಸಿಕೊಂಡು, ಹೆಬ್ಬೆರಳಿನ ಉಗುರಿನಿಂದ ಸ್ಟಿಕ್ಕರಿನ ಒಂದು ಮೂಲೆ ಎಬ್ಬಿಸತೊಡಗಿದ.