ಸಿಹಿಬಾಯಿ ಇಲಿಗಳೂ ಎರಡು ಬಾಟಲಿಯ ಲೆಕ್ಕವೂ

ಲ್ಯಾಬ್‌ನಲ್ಲಿ ಇಲಿ ಎಷ್ಟು ಮದ್ಯ ಕುಡಿಯುತ್ತದೆ ಅಂತ ಅಳೆಯುವ ಹಳೇ ಉಪಾಯ ಎರಡು ಬಾಟಲಿ: ಒಂದರಲ್ಲಿ ನೀರು, ಇನ್ನೊಂದರಲ್ಲಿ 10% ಎಥನಾಲ್, ಅಂದರೆ ಮದ್ಯದಲ್ಲಿರುವ ಆಲ್ಕೋಹಾಲ್. ಗೂಡಿಗೆ ಒಂದೇ ಇಲಿ. ಎಥನಾಲನ್ನು 3%, 6%, 10% ಅಂತ ಕೆಲವು ದಿನಕ್ಕೊಮ್ಮೆ ಏರಿಸುತ್ತಾ ಹೋಗಬೇಕು. 95% ಎಥನಾಲ್ 105 ಮಿ.ಲೀ. ಅಳೆದು ನೀರು ಸೇರಿಸಿ ಒಂದು ಲೀಟರ್‌ಗೆ ತಂದರೆ 10% ಆಯಿತು. ಡಿನೇಚರ್ಡ್ ಸ್ಪಿರಿಟ್ ಬೇಡವೇ ಬೇಡ. ಅದು ವಿಷ, ಕಹಿ ಬೇರೆ.

25 ಗ್ರಾಂ ತೂಕದ ಚಿಟ್ಟಿಲಿ ದಿನಕ್ಕೆ 3 ಮಿ.ಲೀ. ಕುಡಿಯಿತು ಅನ್ನಿ. 3 × 0.1 × 0.789 (ಇದು ಎಥನಾಲಿನ ಸಾಂದ್ರತೆ), ಅಂದರೆ 0.237 ಗ್ರಾಂ ಎಥನಾಲ್, ಮೈತೂಕದ ಕೆ.ಜಿ.ಗೆ ಸುಮಾರು 9.5 ಗ್ರಾಂ. ಎಡವುವುದು ಇಲ್ಲೇ. ಬಾಟಲಿಯ ಮೂತಿಯಿಂದ ಅರ್ಧ ಮಿ.ಲೀ. ತೊಟ್ಟಿಕ್ಕಿದರೂ ಲೆಕ್ಕದಲ್ಲಿ ಆರನೇ ಒಂದು ಪಾಲು ಸುಳ್ಳು. ಹಾಗಾಗಿ ಖಾಲಿ ಗೂಡಿಗೂ ಎರಡು ಬಾಟಲಿ ಕಟ್ಟಿ, ಅಲ್ಲಿ ಸೋರಿದ್ದನ್ನು ಕಳೆಯಿರಿ. ಎಷ್ಟೋ ಇಲಿಗಳಿಗೆ ರುಚಿಗಿಂತ ಜಾಗದ ಅಭ್ಯಾಸವೇ ಹೆಚ್ಚು; ಬಾಟಲಿಗಳ ಬದಿ ಆಗಾಗ ಬದಲಾಯಿಸದಿದ್ದರೆ ನೀವು ಅಳೆದದ್ದು ಎಡಗಡೆಯ ಮೋಹವನ್ನಷ್ಟೇ.

ಈ ಪರೀಕ್ಷೆಯಲ್ಲಿ ಸಿ57ಬಿಎಲ್/6ಜೆ ಅನ್ನುವ ಚಿಟ್ಟಿಲಿ ತಳಿ ಚೆನ್ನಾಗಿ ಕುಡಿಯುತ್ತದೆ, ಡಿಬಿಎ/2ಜೆ ಮೂಸಿ ದೂರ ಸರಿಯುತ್ತದೆ. ಎಥನಾಲ್ ಬದಲು ಸ್ಯಾಕರಿನ್ (ಕ್ಯಾಲರಿ ಇಲ್ಲದ ಕೃತಕ ಸಿಹಿ) ಇಟ್ಟರೂ ಹೆಚ್ಚುಕಡಿಮೆ ಅದೇ ಕತೆ. (ಸಕ್ಕರೆ ಬೇಡ, ಅದರಲ್ಲಿ ಕ್ಯಾಲರಿ ಇದೆ. ಸ್ಯಾಕರಿನ್ನೂ ಗಾಢವಾದರೆ ಕಹಿ, ಚಿಟ್ಟಿಲಿಗೆ 0.1%ಕ್ಕಿಂತ ಕಡಿಮೆ ಇರಲಿ.) ಸಿಹಿಯ ಈ ವ್ಯತ್ಯಾಸಕ್ಕೆ 2001ರಲ್ಲಿ ಕಾರಣ ಸಿಕ್ಕಿತು: 4ನೇ ಕ್ರೋಮೋಸೋಮಿನ ತುದಿಯ ಟಿಎಎಸ್1ಆರ್3 ಜೀನ್. ನಾಲಗೆಯಲ್ಲಿ ಸಿಹಿ ಹಿಡಿಯುವ ಪ್ರೋಟೀನಿನ ಒಂದು ಭಾಗ ಇದರಿಂದ ತಯಾರಾಗುತ್ತದೆ. ಡಿಬಿಎಯಲ್ಲಿರುವುದು ಮಂದ ರೂಪ. ಈ ಜೀನನ್ನೇ ತೆಗೆದುಹಾಕಿದ ಇಲಿಗಳು ಎಥನಾಲನ್ನೂ ಕಡಿಮೆ ಕುಡಿಯುತ್ತವೆ. ಇಲಿಯ ಬಾಯಿಗೆ ಎಥನಾಲ್ ಅಂದರೆ ಸಕ್ಕರೆಗೆ ಕಹಿಯಾದ ಕ್ವಿನೈನ್ ಬೆರೆಸಿದ ಹಾಗೆ; ಸಿಹಿ ತಿಳಿಯದಿದ್ದರೆ ಉಳಿಯುವುದು ಕಹಿ, ಉರಿ.

ದೊಡ್ಡ ಇಲಿಗಳಲ್ಲಿ ನನಗೆ ಹೆಚ್ಚು ಹಿಡಿಸುವ ಸಾಕ್ಷ್ಯ ಲಾಸ್ ಏಂಜಲೀಸ್‌ನ ಆಕ್ಸಿಡೆಂಟಲ್ ಕಾಲೇಜಿನದು. ಅಲ್ಲಿ ತಲೆಮಾರುಗಟ್ಟಲೆ ಆರಿಸಿದ್ದು ಸ್ಯಾಕರಿನ್ ಹೆಚ್ಚು ಕುಡಿಯುವವನ್ನು. ಆ ಸಾಲಿನವು ಮದ್ಯವನ್ನೂ ಹೆಚ್ಚು ಕುಡಿದವು. ಅಮೆರಿಕದ್ದೇ ಇಂಡಿಯಾನಾದಲ್ಲಿ ಆರಿಸಿದ್ದು ಮದ್ಯಕ್ಕಾಗಿ, ಜೊತೆಗೆ ಬಂದದ್ದು ಸಿಹಿಚಪಲ.

ಹಾಗಂತ ಡಿಬಿಎಗೆ ಅಮಲೇ ಬೇಡ ಅಂದುಕೊಳ್ಳಬೇಡಿ. ಎಥನಾಲನ್ನು ಬಾಯಿ ಬಿಟ್ಟು ಇಂಜೆಕ್ಷನ್ ಮೂಲಕ ಕೊಟ್ಟು, ಕೊಟ್ಟ ಜಾಗವನ್ನು ಗುರುತಿಡುವಂತೆ ಕಲಿಸಿದರೆ, ಆ ಜಾಗಕ್ಕೆ ಸಿ57ಗಿಂತ ಗಟ್ಟಿಯಾಗಿ ಅಂಟಿಕೊಳ್ಳುವುದು ಡಿಬಿಎಯೇ. ಆದ್ದರಿಂದ ಹೊಸ ತಳಿಯ ಕುಡಿತ ಅಳೆಯುವಾಗ, ಅದರಲ್ಲಿ ರುಚಿಯ ಪಾಲೆಷ್ಟು ಅಂತ ತಿಳಿಯಲು, ಎಥನಾಲ್ ಮುಗಿದ ಮೇಲೆ ಒಂದೆರಡು ವಾರ ಬರೀ ನೀರು ಕೊಟ್ಟು, ಅದೇ ಇಲಿಗಳಿಗೆ ಸ್ಯಾಕರಿನ್, ಕ್ವಿನೈನ್ ಎರಡನ್ನೂ ಇಟ್ಟು ನೋಡಿ.